ಹೊಲಿಗೆ ಬೀಳದ ಉಂಗುರ

ಶೆಡ್ಡಿನ ಬಾಗಿಲು ತೆರೆದ ಫಿಟ್ಟರು ಹೊಸ್ತಿಲು ದಾಟದೆ ನಿಂತುಬಿಟ್ಟರು. ಎಂಜಿನ್ನಿನ ಮುಂಭಾಗದ ಮುಚ್ಚಳ ಆಗಲೇ ಕೂತಿತ್ತು.

ಯಾರೋ ಅದನ್ನು ಸುಮ್ಮನೆ ಒರಗಿಸಿ ಹೋಗಿರಲಿಲ್ಲ. ಸುತ್ತಲಿನ ಬೋಲ್ಟುಗಳು ಬಿಗಿದಿದ್ದವು; ನಡುವಿನ ದಪ್ಪ ಬೋಲ್ಟೂ ಬಿಗಿದಿತ್ತು. ಅಂಚಿನಲ್ಲಿ ಹಿಂಡಿ ಹೊರಬಂದ ಅಂಟನ್ನು ಒರೆಸಿ, ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೂಲೆಗೆ ಇಟ್ಟಿದ್ದರು. ಎರಡು ಗಂಟೆಗೆ ಫಿಟ್ಟರು ಊಟಕ್ಕೆಂದು ಎದ್ದು ಹೋದಾಗ ಇದೇ ಮುಚ್ಚಳ ಕಿಟಕಿಯ ಕೆಳಗೆ, ಗೋಣಿಚೀಲದ ಮೇಲೆ ಬೋರಲು ಬಿದ್ದಿತ್ತು. ಈಗ ನಾಲ್ಕೂವರೆ. ನಡುವೆ ಅವರು ಉಂಡಿದ್ದರು, ನಡುಮನೆಯ ಕುರ್ಚಿಯಲ್ಲಿ ಒಂದು ಜೊಂಪು ತೆಗೆದಿದ್ದರು, ಎದ್ದು ಮುಖ ತೊಳೆದಿದ್ದರು. ಅಷ್ಟೇ.

ಮೊದಲು ಬಂದದ್ದು ಸಿಟ್ಟು. ಯಾರಪ್ಪ ಇವನು, ನನ್ನ ಎಂಜಿನ್ನಿಗೆ ಕೈ ಹಾಕಿದವನು? ಸಿಟ್ಟಿನ ಬೆನ್ನಿಗೇ ಇನ್ನೊಂದು ಬಂದು ನಿಂತಿತು. ಅದಕ್ಕೆ ಹೆಸರಿಡಲು ಅವರು ಹೋಗಲಿಲ್ಲ.

ಮೂವತ್ತಾರು ವರ್ಷ ನೀರು ಸರಬರಾಜಿನ ಪಂಪುಮನೆಯಲ್ಲಿ ದುಡಿದು ನಿವೃತ್ತರಾದ ಮೇಲೂ ಬೀದಿಯ ಬಾಯಲ್ಲಿ ಅವರು ಫಿಟ್ಟರೇ. ಈಗ ಶೆಡ್ಡಿನ ನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂತಿ ಮೇಲಕ್ಕೆತ್ತಿ ನಿಂತಿದ್ದ ಎಂಜಿನ್ನು ಅವರ ತೀರಿಹೋದ ಅಣ್ಣನ ಕಾರಿನದು. ಅದು ಎಲ್ಲರ ಕಾರುಗಳಲ್ಲಿ ಇರುವಂಥದಲ್ಲ. ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನುಗಳು ಅದಕ್ಕಿಲ್ಲ. ನಡು ತುಸು ಸೊರಗಿದ ಮೊಟ್ಟೆಯಂಥ ಕೋಣೆಯೊಳಗೆ, ಪಕ್ಕೆಗಳು ಉಬ್ಬಿದ ಮುಮ್ಮೂಲೆಯೊಂದು ಗಿರಗಿರನೆ ತಿರುಗುತ್ತದೆ. ಅದೇ ರೋಟರು. ಒಂದರ ಹಿಂದೊಂದು ಇಂಥವು ಎರಡು. ಪ್ರತಿ ಮೂಲೆಯ ತುದಿಗೂ ಬೆರಳುದ್ದದ ಲೋಹದ ಪಟ್ಟಿ, ಅದರ ಬೆನ್ನಿಗೆ ಸ್ಪ್ರಿಂಗು. ಆ ಪಟ್ಟಿ ಕೋಣೆಯ ಗೋಡೆಯನ್ನು ಸದಾ ಸವರುತ್ತಿರಬೇಕು. ಅದು ಮುರಿದರೆ ಎಂಜಿನ್ನಿಗೆ ದಮ್ಮು ಇಲ್ಲ.

ಇದರ ಪಟ್ಟಿ ಮುರಿದ ಬಗೆಯನ್ನು ಫಿಟ್ಟರು ಯಾರಿಗೂ ಪೂರ್ತಿ ಹೇಳುತ್ತಿರಲಿಲ್ಲ. ಅಣ್ಣ ಗಡಿಯಾರ ರಿಪೇರಿಯವರು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ. ಎಂಟು ವರ್ಷದ ಹಿಂದೆ ಒಂದು ಸಂಜೆ ಅವರು ಪೇಟೆಯಿಂದ ಮನೆಗೆ ಹದಿನೆಂಟು ಕಿಲೋಮೀಟರನ್ನು ಮೊದಲನೇ ಗೇರಿನಲ್ಲೇ ಓಡಿಸಿಕೊಂಡು ಬಂದರು. ಕಾರು ದಾರಿಯುದ್ದಕ್ಕೂ ಕಿರುಚುತ್ತಲೇ ಬಂತು. ಅಂಗಳದಲ್ಲಿ ನಿಂತಾಗ ಬಾನೆಟ್ಟಿನಿಂದ ಹೊಗೆ. "ಯಾಕಣ್ಣ ಗೇರು ಬದಲಾಯಿಸ್ಲಿಲ್ಲ?" ಎಂದು ಫಿಟ್ಟರು ಕೇಳಿದ್ದಕ್ಕೆ ಅಣ್ಣ, "ಇನ್ನೊಂದು ಗೇರು ಇದೆಯೇನೋ?" ಎಂದಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಫಿಟ್ಟರು. ಎರಡು ವರ್ಷ ಕಳೆಯುವುದರೊಳಗೆ ಅದೇ ಅಣ್ಣ ಅದೇ ಅಂಗಳದಲ್ಲಿ ಅವರ ಮುಖವನ್ನೇ ನೋಡುತ್ತ, ತುಂಬ ಮರ್ಯಾದೆಯಿಂದ ಕೇಳಿದ್ದರು: "ತಾವು ಯಾರ ಕಡೆಯವರು?"

ಕಾರು ಟಾರ್ಪಾಲಿನ ಕೆಳಗೆ ಮಲಗಿತು. ಈ ವರ್ಷ ಮಗಳಿಗೆ ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಕೆಲಸವಾಯಿತು. "ದೊಡ್ಡಪ್ಪನ ಕಾರು ನಂಗೆ ಬೇಕಪ್ಪ, ರಿಪೇರಿ ಮಾಡ್ಕೊಡು" ಎಂದು ಹಟ ಹಿಡಿದಳು. ಫಿಟ್ಟರು ಆಗಲಿ ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣ ಬೇರೆ ಇತ್ತು. ಎರಡು ತಿಂಗಳ ಹಿಂದೆ, ಮೂವತ್ತಾರು ವರ್ಷ ಸೈಕಲ್ ತುಳಿದ ಪಂಪುಮನೆಯ ದಾರಿಯಲ್ಲಿ, ಯಾವ ಕಡೆ ತಿರುಗಬೇಕೆಂದು ತೋಚದೆ ಅವರು ಒಂದು ಕಾಲೂರಿ ನಿಂತಿದ್ದರು. ನಾಲ್ಕು ನಿಮಿಷವಿರಬಹುದು. ಆಮೇಲೆ ದಾರಿ ತಾನಾಗಿ ಹಿಂದಕ್ಕೆ ಬಂತು. ವಯಸ್ಸಾದರೆ ಎಲ್ಲರಿಗೂ ಆಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು, ಒಳಗೊಳಗೇ ಒಂದು ಪಣ ತೊಟ್ಟರು: ಈ ಎಂಜಿನ್ನನ್ನು ಬಿಚ್ಚಿ, ಒಂದೂ ತಪ್ಪಿಲ್ಲದೆ ಮತ್ತೆ ಕೂಡಿಸಿದರೆ ನನಗೇನೂ ಆಗಿಲ್ಲ. ಡಾಕ್ಟರೂ ಬೇಡ, ಯಾರಿಗೂ ಹೇಳುವುದೂ ಬೇಡ.

ಎಂಜಿನ್ನಿಗೆ ಕೈ ಹಾಕಿದ ಮೇಲೆ ಐದು ವಾರ ಒಂದೂ ತಪ್ಪಿರಲಿಲ್ಲ. ತಪ್ಪದ ಹಾಗೆ ಒಂದು ವ್ಯವಸ್ಥೆಯೂ ಇತ್ತು. ಪಂಪುಮನೆಯ ರೂಢಿಯಂತೆ ನೆಲದ ಮೇಲೆ ಹಳೆಯ ಬಿಳಿ ಹಾಸುಬಟ್ಟೆ ಹರಡಿ, ಬಿಚ್ಚಿದ ಪ್ರತಿ ತುಂಡನ್ನೂ ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ತುಂಡು ಎಂಜಿನ್ನಿಗೆ ಮರಳಿದಾಗ ಆ ಗೆರೆಯೊಳಗೆ ಗುರುತು ಹಾಕಬೇಕು. ಎಣ್ಣೆ ತಾಗಿದರೆ ಪೆನ್ಸಿಲು ಅಳಿಸಿಹೋಗುತ್ತದೆ ಎಂದು ಹೆಂಡತಿ ಇದಕ್ಕೆ ತಮ್ಮದೊಂದು ತಿದ್ದುಪಡಿ ತಂದರು. ಅವರು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವರು, ಬೀದಿಗೆ ಟೈಲರಮ್ಮ. ಮೋಟು ಸ್ಟೂಲಿನ ಮೇಲೆ ಸೂಜಿ, ಕೆಂಪು ದಾರ ಹಿಡಿದು ಕೂರುತ್ತಿದ್ದರು. ತುಂಡು ಜಾಗ ಸೇರಿದೊಡನೆ ಫಿಟ್ಟರು "ಕೂತಿತು" ಎನ್ನುವರು. ಟೈಲರಮ್ಮ ಗೆರೆಯೊಳಗೆ ಒಂದು ಗಂಟು ಹಾಕಿ "ಹೊಲಿದೆ" ಎನ್ನುವರು. ಅದಾಗದೆ ಮುಂದಿನ ತುಂಡಿಗೆ ಕೈ ಹಾಕುವಂತಿಲ್ಲ. ಐದು ವಾರ ಆ ಶೆಡ್ಡಿನಲ್ಲಿ ಗಂಡಹೆಂಡಿರ ನಡುವೆ ನಡೆದ ಸಂಭಾಷಣೆಯೆಂದರೆ ಬಹುಪಾಲು ಈ ಎರಡು ಮಾತು. ಮದುವೆಯಾದ ಹೊಸದರಲ್ಲೂ ತಾವಿಬ್ಬರೂ ಇಷ್ಟು ಹೊಂದಿಕೊಂಡು ಮಾತಾಡಿರಲಿಲ್ಲ ಎಂದು ಟೈಲರಮ್ಮ ಒಮ್ಮೆ ಛೇಡಿಸಿದ್ದರು.

ಫಿಟ್ಟರು ಈಗ ಹೊಸ್ತಿಲು ದಾಟಿ ಹಾಸುಬಟ್ಟೆಯ ಮೇಲೆ ಬಾಗಿದರು. ಸಾಲುಸಾಲು ಕೆಂಪು ಗಂಟುಗಳು. ಕೊನೆಯ ಸಾಲಿನಲ್ಲಿ ಮೂರು ಗೆರೆಗಳಿಗೆ ಗಂಟಿರಲಿಲ್ಲ: ಸುತ್ತಿನ ಬೋಲ್ಟುಗಳೊಡನೆ ಮುಚ್ಚಳ, ದಪ್ಪ ಬೋಲ್ಟು, ಮತ್ತು ಬಳೆಯಗಲದ ಒಂದು ಉಂಗುರ. ಮೂರೂ ಗೆರೆಗಳು ಖಾಲಿ. ಮುಚ್ಚಳವೂ ಬೋಲ್ಟೂ ಕಣ್ಣೆದುರಿಗೇ ಇದ್ದವು. ಉಂಗುರ ಎಲ್ಲಿ?

ಬೆಂಚಿನ ಮೇಲಿರಲಿಲ್ಲ. ಬೆಂಚಿನ ಕೆಳಗೆ, ಡಬ್ಬಿಗಳಲ್ಲಿ, ತಮ್ಮ ಜೇಬಿನಲ್ಲಿ ಇರಲಿಲ್ಲ. ಸೂಜಿಯಂಥ ಸಣ್ಣ ಉರುಳೆಗಳನ್ನು ಸುತ್ತ ಜೋಡಿಸಿದ ತೆಳ್ಳನೆಯ ಬೇರಿಂಗು ಅದು. ಟೈಲರಮ್ಮ ಅದಕ್ಕೆ ಸೂಜಿ ಉಂಗುರ ಎಂದು ಹೆಸರಿಟ್ಟಿದ್ದರು. ಮುಚ್ಚಳದ ಹಿಂದೆ, ನಡುದಂಡದ ಮೂತಿಗೆ ಗ್ರೀಸು ಬಳಿದು ಅದನ್ನು ನೆಟ್ಟಗೆ ಕೂರಿಸಬೇಕು. ಈ ಜಾತಿಯ ಎಂಜಿನ್ನು ಬಲ್ಲವರಿಗೆಲ್ಲ ಆ ಜಾಗವೆಂದರೆ ದಿಗಿಲು. ಉಂಗುರ ಒಂದು ಕೂದಲೆಳೆ ಜಾರಿದ್ದರೂ ಬೋಲ್ಟು ಅದನ್ನು ಕಡಿದು ಅಪ್ಪಚ್ಚಿ ಮಾಡುತ್ತದೆ. ಎಂಜಿನ್ನು ಆಗಲೂ ಹೊರಡುತ್ತದೆ, ಹಾಡುತ್ತದೆ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ, ಎಣ್ಣೆಯೊಳಗೆ ಲೋಹದ ಪುಡಿ ಸೇರಿ, ಓಡುತ್ತಿರುವಾಗಲೇ ಕಚ್ಚಿಕೊಂಡು ನಿಲ್ಲುತ್ತದೆ. ಬೆಟ್ಟದ ದಾರಿ ನೂರ ಅರವತ್ತು ಕಿಲೋಮೀಟರ್.

"ಏ ಇವಳೇ, ಸ್ವಲ್ಪ ಇಲ್ಲಿ ಬಾ."

ಹೊಲಿದ ಬಟ್ಟೆಗಳ ಗಂಟನ್ನು ಅಂಗಡಿಗೆ ಮುಟ್ಟಿಸಿ ಬಂದ ಟೈಲರಮ್ಮ ಆಗತಾನೆ ಚಪ್ಪಲಿ ಬಿಡುತ್ತಿದ್ದರು.

"ಏನ್ರೀ, ಹಾವು ಬಂದಿದ್ಯಾ? ಮುಖ ಯಾಕೆ ಹಾಗಿದೆ?"

"ಹಾವಾಗಿದ್ರೆ ಹೊಡೀತಿದ್ದೆ. ಈ ಮುಚ್ಚಳ ಹಾಕಿದ್ದು ಯಾರು?"

"ನನ್ನ ಕೇಳ್ತೀರಲ್ಲ! ಎರಡು ಗಂಟೆಗೆ ಹೋದವಳು ಈಗ ಬರ್ತಾ ಇದೀನಿ."

"ಮನೆಗೆ ಯಾರೋ ಬಂದಿದ್ರು."

"ಬೀಗ?"

"ಹಾಕಿತ್ತು. ನಾನೇ ಈಗ ತೆಗೆದೆ."

ಟೈಲರಮ್ಮ ಎಂಜಿನ್ನನ್ನು ನೋಡಲಿಲ್ಲ; ಗಂಡನ ಕೈಗಳನ್ನು ನೋಡಿದರು. ಆಮೇಲೆ "ಇನ್ನೊಂದು ಕೀಲಿ ನನ್ನ ತಮ್ಮನ ಹತ್ರ ಇದೆಯಲ್ಲ" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಎರಡು ಬೀದಿ ಆಚೆ ಅವನ ಹಳೇ ಬಿಡಿಭಾಗಗಳ ಅಂಗಡಿ. ಹಾಗಾಗಿ ಅವನಿಗೆ ಸ್ಪೇರು ಎಂದೇ ಅಡ್ಡಹೆಸರು. ಮಾತೆತ್ತಿದರೆ ತಮಾಷೆ. ಫಿಟ್ಟರು ಚಪ್ಪಲಿಯನ್ನೂ ಮೆಟ್ಟದೆ ಹೋದರು. ಸ್ಪೇರು ಲಾರಿಯ ಸೀಟೊಂದರ ಮೇಲೆ ಒರಗಿ, ತೊಡೆಯ ಮೇಲೆ ಬೆಕ್ಕನ್ನು ಕೂರಿಸಿಕೊಂಡಿದ್ದ.

"ಬನ್ನಿ ಭಾವ. ಕೆಟ್ಟಿರೋದು ಎಂಜಿನ್ನೋ, ಅಕ್ಕನ ತಲೆಯೋ?"

"ನಿನ್ನ ಚೇಷ್ಟೆಗೆ ಒಂದು ಮಿತಿ ಬೇಡ್ವೇನೋ?"

"ಮಾಡಿರೋದು ಬೇಕಾದಷ್ಟಿದೆ. ಯಾವ್ದು ಅಂತ ಹೇಳಿದ್ರೆ ಒಪ್ಕೋತೀನಿ."

"ಮಧ್ಯಾಹ್ನ ಶೆಡ್ಡಿಗೆ ಬಂದು ಮುಚ್ಚಳ ಮುಚ್ಚಿ ಹೋಗಿದೀಯ. ಒಳಗೆ ಉಂಗುರ ಇಟ್ಯೋ ಇಲ್ವೋ, ಅಷ್ಟು ಹೇಳು. ಬಯ್ಯಲ್ಲ."

"ಮಧ್ಯಾಹ್ನ ಇಲ್ಲಿಂದ ಎದ್ದಿದ್ರೆ ಕೇಳಿ. ಬೇಕಾದ್ರೆ ಈ ಬೆಕ್ಕೇ ಸಾಕ್ಷಿ."

ಆದರೂ ಕುತೂಹಲ ತಡೆಯದೆ ಜೊತೆಗೆ ಬಂದ. ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ ಸಿಳ್ಳೆ ಹೊಡೆದ.

"ಭಾವ, ನನ್ನ ಕೈಲಿ ಕೆಲ್ಸ ಇಷ್ಟು ನೀಟಾಗಿ ಆಗೋ ಹಾಗಿದ್ರೆ ಗುಜರಿ ಮಾರ್ಕೊಂಡು ಯಾಕೆ ಕೂರ್ತಿದ್ದೆ?" ಕುಕ್ಕರುಗಾಲಲ್ಲಿ ಕೂತು ದಪ್ಪ ಬೋಲ್ಟಿನ ಮೇಲೆ ಬೆರಳಿಟ್ಟ. ಬಿಗಿದ ಬೋಲ್ಟಿಗೆ ಅಡ್ಡಲಾಗಿ ಹಳದಿ ಬಣ್ಣದ ಗೀಟು ಎಳೆಯುವುದು ಪಂಪುಮನೆಯ ಅಭ್ಯಾಸ. ಆಮೇಲೆ ಸಡಿಲವಾದರೆ ಗೀಟು ಮುರಿದು ಕಾಣುತ್ತದೆ. "ಈ ಗೀಟು ನೋಡಿ, ಹೇಗೆ ವಾಲಿದೆ. ಎಡಗೈಯವರು ಎಳೆದಿದ್ದು. ಬೀದಿಲಿ ಎಡಚರು ಇಬ್ಬರೇ. ನೀವು, ಮತ್ತೆ ಮೂಲೆಮನೆಯ ಎರಡು ವರ್ಷದ ಮಗು. ಮಗು ಬಂದು ಸ್ಪ್ಯಾನರ್ ಹಿಡಿದಿರಲ್ಲ ಅಂತ ಇಟ್ಕೊಳ್ಳೋಣ. ನೀವೇ ಹಾಕಿ ನೀವೇ ಮರ್ತಿದೀರ ಭಾವ!"

ಹೇಳಿ ಗಹಗಹಿಸಿ ನಕ್ಕ. ಶೆಡ್ಡಿನಲ್ಲಿ ಅವನ ನಗೆ ಒಂಟಿಯಾಗಿ ಸ್ವಲ್ಪ ಹೊತ್ತು ಓಡಾಡಿ ನಿಂತುಹೋಯಿತು. ಬಾಗಿಲಲ್ಲಿದ್ದ ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

"ನಿನ್ನ ಪರೀಕ್ಷೆ ಮಾಡ್ದೆ ಕಣೋ," ಎಂದರು ಫಿಟ್ಟರು. ದನಿ ತಮ್ಮದೇ ಎನ್ನಿಸಲಿಲ್ಲ. "ಗುಜರಿಯವನಿಗೆ ಕಣ್ಣು ಎಷ್ಟು ಚುರುಕಿದೆ ಅಂತ."

"ಪಾಸಾದ್ನಾ?"

"ಪಾಸಾದೆ. ಹೋಗು."

ಅವನು ಹೋದ ಮೇಲೆ ಫಿಟ್ಟರು ಅಂಗೈಗಳನ್ನು ಮೂಗಿನ ಹತ್ತಿರ ತಂದರು. ಶೆಡ್ಡಿನ ನಲ್ಲಿಯ ಬಳಿ ಇಡುವ, ಗ್ರೀಸು ಬಿಡಿಸುವ ಒರಟು ಸೋಪಿನ ವಾಸನೆ. ಆದರೆ ಅವರು ಮುಖ ತೊಳೆದದ್ದು ಬಚ್ಚಲುಮನೆಯಲ್ಲಿ. ಬೆಳಗ್ಗೆಯೂ ಈ ಸೋಪು ಮುಟ್ಟಿದ್ದೆನಲ್ಲ, ಎಂದುಕೊಂಡರು. ಬೆಳಗಿನ ವಾಸನೆ ಊಟ ಮುಗಿದು ಸಂಜೆಯವರೆಗೆ ನಿಲ್ಲುತ್ತದೆಯೇ? ನಿಲ್ಲಬಹುದು. ಯಾಕೆ ನಿಲ್ಲಬಾರದು?

ಒಂದು ಉಪಾಯ ಉಳಿದಿತ್ತು. ದಂಡಕ್ಕೆ ಹಿಂದೆಮುಂದೆ ಅಲುಗಲು ಎಷ್ಟು ಸಡಿಲವಿದೆ ಎಂದು ಅಳೆಯುವ ಮುಳ್ಳಿನ ಗೇಜನ್ನು ಹಚ್ಚಿ ನೋಡಿದರು. ಮುಳ್ಳು ಮಿಲಿಮೀಟರಿನ ನೂರರಲ್ಲಿ ಐದು ಭಾಗ ಸರಿದು ನಿಂತಿತು. ಎಷ್ಟಿರಬೇಕೋ ಅಷ್ಟೇ. ಉಂಗುರ ಸರಿಯಾಗಿದೆ ಎನ್ನುತ್ತಿತ್ತು ಗೇಜು. ಅವರು ಮೂರು ಸಲ ಓದಿದರು, ಮೂರು ಸಲವೂ ಐದು. ನಾಲ್ಕನೆಯ ಸಲ ಓದುವಾಗ, ಮೊದಲ ಮೂರು ಸಲ ನಿಜವಾಗಿ ಓದಿದೆನೇ ಎಂಬ ಸಂಶಯ ಬಂದು ಗೇಜನ್ನು ಕೆಳಗಿಟ್ಟರು. ಅದು ಸುಳ್ಳು ಹೇಳುವ ಯಂತ್ರವಲ್ಲ. ಆದರೆ ಅದನ್ನು ಓದುವವನು?

ದೀಪ ಹಚ್ಚುವ ಹೊತ್ತಿಗೆ ಮಗಳ ಫೋನು.

"ಅಪ್ಪ, ನಿನ್ನ ಮುಮ್ಮೂಲೆ ಏನಂತಾನೆ?"

"ಕೂತಿದಾನೆ ಪುಟ್ಟಿ. ಎಲ್ಲ ಕೂತಾಯ್ತು."

"ಬುಧವಾರ ಬರ್ತೀನಿ, ಗುರುವಾರ ಬೆಳಗ್ಗೆ ಹೊರಡ್ತೀನಿ. ಬೆಟ್ಟದ ಮೇಲೆ ಎರಡು ಗಂಟೆ ಫೋನ್ ಸಿಗಲ್ಲಂತೆ. ಮಧ್ಯೆ ಕೈ ಕೊಡಲ್ಲ ತಾನೆ ನಿನ್ನ ಎಂಜಿನ್ನು?"

ಫಿಟ್ಟರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಇಲ್ಲಮ್ಮ," ಎಂದರು. ಫೋನು ಇಟ್ಟ ಮೇಲೂ ಆ 'ಇಲ್ಲಮ್ಮ' ನಾಲಿಗೆಯ ಮೇಲೆ ಕಹಿಯಾಗಿ ಉಳಿಯಿತು.

ಸುಮ್ಮನಿದ್ದುಬಿಡಬಹುದಿತ್ತು. ಗೇಜು ಸರಿ ಎಂದಿದೆ, ಮುಚ್ಚಳ ಕೂತಿದೆ, ಸ್ಪೇರು ನಕ್ಕು ಮರೆತಿದ್ದಾನೆ. ಮುಚ್ಚಳ ಬಿಚ್ಚುವುದೆಂದರೆ ಯಾಕೆ ಬಿಚ್ಚಿದೆ ಎಂದು ಹೇಳಬೇಕು. ಹೇಳಿದರೆ ಮಗಳು ನರ್ಸಿನ ಕಣ್ಣಿನಿಂದ ನೋಡುತ್ತಾಳೆ. ಅಣ್ಣನ ಕೈಯಿಂದ ಮೊದಲು ಕಾರಿನ ಕೀಲಿ, ಆಮೇಲೆ ಇಕ್ಕಳ, ಆಮೇಲೆ ಬೆಂಕಿಪೊಟ್ಟಣ, ಕೊನೆಗೆ ಬಾಗಿಲ ಚಿಲಕ ತಪ್ಪಿಸಿದ ಹಾಗೆ ತಮ್ಮ ಕೈಯಿಂದಲೂ ಒಂದೊಂದೇ ತಪ್ಪಿಹೋಗುತ್ತದೆ. ಸುಮ್ಮನಿದ್ದರೆ, ಬೆಟ್ಟದ ಯಾವುದೋ ತಿರುವಿನಲ್ಲಿ ಮಗಳು. ಆ ಯೋಚನೆಯನ್ನು ಅವರು ಒಮ್ಮೆಯೂ ಕೊನೆಮುಟ್ಟಿಸಲಿಲ್ಲ.

ಭಾನುವಾರ ಬೆಳಗ್ಗೆ ಶೆಡ್ಡಿಗೆ ಹೋದಾಗ ಟೈಲರಮ್ಮ ಆಗಲೇ ಮೋಟು ಸ್ಟೂಲಿನ ಮೇಲೆ ಕೂತಿದ್ದರು. ಸೂಜಿಗೆ ದಾರ ಪೋಣಿಸಿತ್ತು.

"ಮುಚ್ಚಳ ಬಿಚ್ಚಬೇಕು," ಎಂದರು ಫಿಟ್ಟರು.

"ಗೊತ್ತು."

"ಅಂಟು ಸರಿಯಾಗಿ ಹಿಡಿದ ಹಾಗಿಲ್ಲ. ಅದಕ್ಕೇ."

ಫಿಟ್ಟರು ಸ್ಪ್ಯಾನರನ್ನು ಬೋಲ್ಟಿನ ಮೇಲಿಟ್ಟು, ತೆಗೆದು, ಮತ್ತೆ ಇಟ್ಟರು.

"ನಿನ್ನೆ ಮಧ್ಯಾಹ್ನದ ಎರಡು ಗಂಟೆ ಹೊತ್ತು ನನಗೆ ಇಲ್ಲ ಕಣೇ," ಎಂದರು ಕೊನೆಗೆ, ಎಂಜಿನ್ನಿಗೆ ಹೇಳುವವರ ಹಾಗೆ. "ಹುಡುಕಿದೆ. ಊಟ ಮಾಡಿದ್ದು ಇದೆ. ಕುರ್ಚಿ ಇದೆ. ಆಮೇಲೆ ಮುಖ ತೊಳೆದಿದ್ದು. ನಡುವೆ ಏನೂ ಇಲ್ಲ. ಕಿತ್ತು ಹಾಕಿದ ಹಾಗೆ."

"ಗೊತ್ತು ಅಂದ್ನಲ್ಲ."

"ನಿನಗೇನು ಗೊತ್ತು?"

"ಹೋದ ತಿಂಗಳು ಮೂರು ಸಲ ಒಂದೇ ನಲ್ಲಿಗೆ ವಾಷರ್ ಹಾಕಿದ್ರಿ. ನನ್ನ ತಮ್ಮನಿಗೆ ಕಂಡಕ್ಟರ್ ಕೆಲ್ಸ ಹೇಗಿದೆ ಅಂತ ಕೇಳಿದ್ರಿ. ಅವನು ಅದನ್ನ ಬಿಟ್ಟು ಹನ್ನೆರಡು ವರ್ಷ ಆಯ್ತು. ಅವನು ತಮಾಷೆ ಅಂದ್ಕೊಂಡು ನಕ್ಕ." ಆಕೆ ಸೂಜಿ ಹಿಡಿದ ಕೈಯನ್ನು ಮಡಿಲಿಗೆ ಇಳಿಸಿದರು. "ಈ ಸೆಕೆಲಿ ಕೂತು ಗಂಟು ಹಾಕೋಕೆ ನನಗೇನು ಹೊಲಿಗೆ ಕೆಲ್ಸ ಇರ್ಲಿಲ್ವಾ? ಎಂಜಿನ್ನಿಗೋಸ್ಕರ ಕೂತಿದ್ದೆ ಅಂದ್ಕೊಂಡ್ರಾ ನೀವು?"

ತಾವು ಐದು ವಾರ ಜೋಪಾನವಾಗಿ ಮುಚ್ಚಿಟ್ಟಿದ್ದನ್ನು ಆಕೆ ಐದು ವಾರ ಎದುರಿಗೆ ಕೂತು ಕಾದಿದ್ದರು. ಒಂದೇ ಶೆಡ್ಡಿನಲ್ಲಿ, ಒಂದೇ ಭಯವನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು.

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವಾಗಿ ಹೇಳ್ತೀರಾ ಅಂತ ನೋಡ್ದೆ. ಹೇಳದೇ ಇದ್ದಿದ್ರೆ ಗುರುವಾರದ ಒಳಗೆ ನಾನೇ ಹೇಳ್ತಿದ್ದೆ." ಆಕೆ ಕಣ್ಣೊರೆಸಿಕೊಂಡರು. "ಬಿಚ್ಚಿ."

ಎಂಜಿನ್ನು ಮೂತಿ ಮೇಲೆತ್ತಿ ನಿಂತಿದ್ದರಿಂದ ಬೋಲ್ಟು ಸಡಿಲಿಸಿದರೂ ಒಳಗಿನದು ಜಾರುವಂತಿರಲಿಲ್ಲ. ಹಾಗೆ ನಿಲ್ಲಿಸಿಯೇ ಕೆಲಸ ಮಾಡಬೇಕೆಂಬುದು ಬಲ್ಲವರಿಗೆ ಮಾತ್ರ ಗೊತ್ತಿರುವ ಯುಕ್ತಿ. ನಿನ್ನೆ ಮಾಡಿದವನಿಗೂ ಅದು ಗೊತ್ತಿತ್ತು. ಫಿಟ್ಟರು ಒಂದೊಂದೇ ಬೋಲ್ಟು ಕಳಚುತ್ತ ಹೋದರು. ಉಂಗುರ ಇಲ್ಲದಿರಲಿ ಎಂದು ಅವರ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಇಲ್ಲದಿದ್ದರೆ, ಜಾರಿ ಜಜ್ಜಿಹೋಗಿದ್ದರೆ, ಯಾರೋ ಅರೆಗಲಿತವನು ಬಂದು ಕೆಡಿಸಿ ಹೋದ ಎನ್ನಬಹುದು. ಅವನನ್ನು ಬಯ್ಯಬಹುದು, ಹುಡುಕಬಹುದು. ಮೂವತ್ತಾರು ವರ್ಷದ ಫಿಟ್ಟರ ಕೈ ಅಂಥ ತಪ್ಪು ಮಾಡುವುದಿಲ್ಲ. ತಪ್ಪಿಗಾಗಿ ಅವರು ಹೀಗೆ ಹಂಬಲಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಮುಚ್ಚಳವನ್ನು ಮೇಲಕ್ಕೆತ್ತಿದರು.

ಉಂಗುರ ಇತ್ತು. ಎಲ್ಲಿರಬೇಕೋ ಅಲ್ಲಿ, ಎಷ್ಟು ನೆಟ್ಟಗಿರಬೇಕೋ ಅಷ್ಟು ನೆಟ್ಟಗೆ, ಹೊಳೆಯುವ ಸೂಜಿಗಳೆಲ್ಲ ಎಣಿಸಿ ಜೋಡಿಸಿದಂತೆ. ಸುತ್ತ ಗ್ರೀಸು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದನ್ನು ಒತ್ತಿ ಕೂರಿಸಿದ ಹೆಬ್ಬೆರಳಿನ ಗುರುತು ಪಕ್ಕದ ಗ್ರೀಸಿನಲ್ಲಿ ಹಾಗೇ ಮೂಡಿತ್ತು. ಗುರುತಿನ ನಡುವೆ ಓರೆಯಾಗಿ ಒಂದು ಗೆರೆ. ಫಿಟ್ಟರು ತಮ್ಮ ಎಡಗೈ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ಪಂಪಿನ ಬೆಲ್ಟಿಗೆ ಸಿಕ್ಕಿ ಕೊಯ್ದುಕೊಂಡ ಹಳೆಯ ಗಾಯದ ಕಲೆ, ಓರೆಯಾಗಿ, ಅದೇ ಗೆರೆ.

ಯಾರೋ ಬಂದಿದ್ದು ನಿಜ. ಆ ಯಾರೋ ಕುರ್ಚಿಯಿಂದ ಎದ್ದು, ಬೀಗ ತೆಗೆದು, ಎರಡು ಗಂಟೆ ಒಬ್ಬನೇ ಕೂತು, ಕಲಿತ ವಿದ್ಯೆಯ ಒಂದಕ್ಷರವನ್ನೂ ಬಿಡದೆ ಕೆಲಸ ಮುಗಿಸಿ, ಬಟ್ಟೆ ಮಡಿಸಿ, ಕೈ ತೊಳೆದು, ಬೀಗ ಹಾಕಿ, ಅದೇ ಕುರ್ಚಿಗೆ ಮರಳಿದ್ದ. ಕೈಗೆ ಎಲ್ಲವೂ ನೆನಪಿತ್ತು. ಕೈಯ ಯಜಮಾನನಿಗೆ ಮಾತ್ರ ಯಾರೂ ಏನೂ ತಿಳಿಸಿರಲಿಲ್ಲ. ಫಿಟ್ಟರು ಹಾಸುಬಟ್ಟೆಯ ಅಂಚಿನಲ್ಲಿ ನೆಲಕ್ಕೇ ಕೂತುಬಿಟ್ಟರು. ಅಣ್ಣನ ಕೈಯೂ ಕೊನೆಯವರೆಗೆ ಹೀಗೇ ಇತ್ತು. ಬೆರಳುಗಳು ಗಾಳಿಯಲ್ಲಿ ಕಾಣದ ಸ್ಪ್ರಿಂಗುಗಳನ್ನು ಕೂರಿಸುತ್ತಲೇ ಇದ್ದವು.

"ಇದೆ," ಎಂದರು. "ಸರಿಯಾಗೇ ಇದೆ."

ಟೈಲರಮ್ಮ ಸ್ಟೂಲಿನಿಂದ ಎದ್ದರು. ಪಕ್ಕದಲ್ಲಿ ಬಂದು ಕೂತು ಸೂಜಿಯನ್ನು ಗಂಡನ ಕೈಗೆ ಕೊಟ್ಟರು.

"ಅದನ್ನ ತೆಗೀರಿ. ನಾನು ಕೂರಿಸ್ತೀನಿ, ನೀವು ಹೇಳಿಕೊಡಿ. ಗಂಟು ನೀವು ಹಾಕಿ."

"ನಿನಗೆ ಬರುತ್ತಾ?"

"ಗುಂಡಿಯಷ್ಟು ಅಗಲದ ಕಾಜಾ ಹೊಲಿಯೋಳಿಗೆ ಬಳೆಯಷ್ಟು ಅಗಲದ್ದು ಬರಲ್ವಾ? ನಿಮ್ಮ ವಿದ್ಯೆ ಏನು ಆಕಾಶದಿಂದ ಇಳಿದಿದ್ಯಾ?"

ಫಿಟ್ಟರು ಉಂಗುರವನ್ನು ಹೊರತೆಗೆದು, ಗ್ರೀಸನ್ನೂ ಅದರ ಮೇಲಿನ ಹೆಬ್ಬೆರಳ ಗುರುತನ್ನೂ ಒರೆಸಿಹಾಕಿದರು. ಟೈಲರಮ್ಮನ ಬೆರಳುಗಳು ಹೊಸ ಗ್ರೀಸನ್ನು ಹದವಾಗಿ ಬಳಿದವು. "ನಿಧಾನ... ಅಂಚು ಹಿಡಿ... ಈಗ ಬಿಡು." ಟಕ್ಕೆಂಬ ಅತಿ ಸಣ್ಣ ಸದ್ದು.

"ಕೂತಿತು," ಎಂದರು ಟೈಲರಮ್ಮ.

ಖಾಲಿ ಗೆರೆಯೊಳಗೆ ಫಿಟ್ಟರು ಸೂಜಿ ಇಳಿಸಿದರು. ಬೋಲ್ಟಿಗೆ ಪಳಗಿದ ಬೆರಳಿಗೆ ದಾರ ಒಗ್ಗಲಿಲ್ಲ. ಆಕೆಯ ನೂರಾರು ನೇರ ಗಂಟುಗಳ ನಡುವೆ ಒಂದು ಗಂಟು, ಸೊಟ್ಟಗೆ, ಬಾಲ ಬಿಟ್ಟುಕೊಂಡು ಕೂತಿತು.

"ಹೊಲಿದೆ."

ಸೋಮವಾರ, ಮಂಗಳವಾರ ಸ್ಪೇರು ಚೈನ್ ಪುಲ್ಲಿ ತಂದು ಎಂಜಿನ್ನನ್ನು ಕಾರಿಗೆ ಇಳಿಸಲು ಕೈಜೋಡಿಸಿದ. ಅಕ್ಕ ಅವನಿಗೆ ಏನು ಹೇಳಿದ್ದರೋ, ಎರಡು ದಿನ ಒಂದೂ ತಮಾಷೆ ಮಾಡಲಿಲ್ಲ. ಫಿಟ್ಟರಿಗೆ ಅದೇ ಹೆಚ್ಚು ಹೆದರಿಕೆ ತಂದಿತು. "ಏನಾದ್ರೂ ಅನ್ನೋ ಮಾರಾಯ," ಎಂದರು ತಡೆಯಲಾರದೆ. ಅವನು ತಲೆ ತಗ್ಗಿಸಿ, "ಬೆಕ್ಕು ಕೇಳ್ತಾ ಇತ್ತು ಭಾವ, ನಿಮ್ಮನ್ನ," ಎಂದ.

ಬುಧವಾರ ಮಗಳು ಬಂದಳು. ಚೀಲ ಇಳಿಸುವ ಮುನ್ನವೇ ಕಾರಿನ ಹತ್ತಿರ ಹೋದವಳನ್ನು ಫಿಟ್ಟರು ತಡೆದರು. ಮೂರು ದಿನದಿಂದ ಮನಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತು. ಎಲ್ಲಿ ಮರೆತುಹೋಗುತ್ತದೋ ಎಂದು ಬೆಳಗಿನಿಂದ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದರು.

"ಪುಟ್ಟಿ, ಮೊದಲು ಇದನ್ನ ಕೇಳು. ಈ ಎಂಜಿನ್ನು ಕೂಡಿಸಿದವನಿಗೆ ಶನಿವಾರದ ಎರಡು ಗಂಟೆ ಹೊತ್ತು ನೆನಪಿಲ್ಲ. ದೊಡ್ಡಪ್ಪನಿಗೆ ಆದದ್ದೇ ಇರಬಹುದು. ತಿಳ್ಕೊಂಡು ಓಡಿಸೋದಾದ್ರೆ ಓಡಿಸು. ಇಲ್ಲದಿದ್ರೆ ಬಸ್ಸಿದೆ."

ಅವರು ಹೆದರಿದ್ದ ನರ್ಸಿನ ನೋಟ ಬರುತ್ತದೆಂದು ಕಾದರು. ಬಂದದ್ದು ಆರು ವರ್ಷದವಳಿದ್ದಾಗ ಗುಡುಗಿಗೆ ಹೆದರಿ ಹೊದಿಕೆಯೊಳಗೆ ನುಗ್ಗುತ್ತಿದ್ದವಳ ಮುಖ.

"ಆ ಎರಡು ಗಂಟೇಲಿ ಮಾಡಿದ್ದನ್ನ?"

"ಬಿಚ್ಚಿ ನೋಡಿದ್ವಿ. ಮತ್ತೆ ಕೂರಿಸಿದ್ದು ನಿಮ್ಮಮ್ಮ."

"ಅಮ್ಮನಾ?" ಅಳುವಿನ ಅಂಚಿನಲ್ಲೇ ಅವಳಿಗೆ ನಗು ಬಂತು. "ಹಾಗಾದ್ರೆ ಓಡಿಸ್ತೀನಿ. ಆದ್ರೆ ನೀವಿಬ್ರೂ ಜೊತೆಗೆ ಬರಬೇಕು. ನಮ್ಮ ಆಸ್ಪತ್ರೇಲಿ ಇದನ್ನೇ ನೋಡೋ ಡಾಕ್ಟರಿದಾರೆ. ಬರ್ತೀಯಾ ಅಪ್ಪ?"

ಬೇಡ ಎನ್ನಬೇಕೆಂದು ಬಾಯಿ ತೆರೆದರು. "ಬರ್ತೀನಿ," ಎಂದರು.

ಗುರುವಾರ ಬೆಳಗ್ಗೆ, ಚೀಲಗಳು ಡಿಕ್ಕಿ ಸೇರಿದ ಮೇಲೆ, ಫಿಟ್ಟರು ಶೆಡ್ಡಿಗೆ ಬೀಗ ಹಾಕಲು ಹೋದರು. ಹಾಸುಬಟ್ಟೆ ನೆಲದ ಮೇಲೆ ಹಾಗೇ ಇತ್ತು; ತುಂಡುಗಳೆಲ್ಲ ಹೋಗಿ ಗೆರೆಗಳು, ಗಂಟುಗಳು ಉಳಿದಿದ್ದವು. ಮಡಿಸಲೆಂದು ಬಾಗಿದಾಗ ಬೆರಳಿಗೆ ಸೊಟ್ಟ ಗಂಟೊಂದು ತಾಗಿತು. ಇದನ್ನು ಯಾರು ಹಾಕಿದ್ದು? ಒಂದು ಉಸಿರಿನಷ್ಟು ಕಾಲ ಒಳಗೆಲ್ಲ ಕತ್ತಲು. ಆ ಕತ್ತಲಲ್ಲಿ ಅವರು ಕೈಚಾಚಿ ತಡಕಿದರು. ಗ್ರೀಸಿನ ವಾಸನೆ. ಟಕ್ಕೆಂಬ ಸದ್ದು. ಕೂತಿತು, ಎಂಬ ದನಿ.

ಬಂತು. ಈ ಸಲ ಬಂತು.

ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಟೈಲರಮ್ಮನ ಕೈಗೆ ಕೊಟ್ಟು, ಅವರು ಹಿಂದಿನ ಸೀಟಿನಲ್ಲಿ ಕೂತರು. ಮಗಳು ಕೀಲಿ ತಿರುಗಿಸಿದಳು. ಎಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹೊತ್ತಿಕೊಂಡು, ಜೇನುಗೂಡಿನಂತೆ ಒಂದೇ ಸಮನೆ ಗುಂಯ್‌ಗುಡತೊಡಗಿತು. ಎಂಟು ವರ್ಷದ ಮೇಲೆ ಆ ದನಿ.

ಮೊದಲ ಗೇರಿನಲ್ಲಿ ಕಾರು ಬೀದಿಗೆ ಇಳಿಯಿತು. ಸ್ಪೇರು ಅಂಗಡಿಯ ಮುಂದೆ ನಿಂತು ಬೆಕ್ಕಿನ ಕಾಲೆತ್ತಿ ಬೀಳ್ಕೊಟ್ಟ. ಬೀದಿ ದಾಟಿ ರಸ್ತೆ ಏರತೊಡಗಿದಂತೆ ಎಂಜಿನ್ನಿನ ದನಿಯೂ ಏರಿತು. ಗುಂಯ್‌ಗುಟ್ಟುವುದು ಕೂಗಾಗುವ ಅಂಚಿಗೆ ಬಂತು. ಫಿಟ್ಟರು ಹೆಂಡತಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಇನ್ನೊಂದು ಗೇರು ಇದೆ, ಎಂದುಕೊಂಡರು. ಇದೆ, ನನಗೆ ಗೊತ್ತಿದೆ.

ಮಗಳು ಕ್ಲಚ್ ಒತ್ತಿದಳು.